ಬಿನ್ ಯಾರು, ಕೋಂ ಯಾರು?

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮನೆತನದ ಮೇಲಿವೆ. ಪಹಣಿ ತಿದ್ದುಪಡಿ, ಪಿಂಚಣಿ, ಗಡಿ ತಕರಾರು ಎಲ್ಲವನ್ನೂ ಬದಿಗಿಟ್ಟು ಓದುಗರು ಜವಾಹರಲಾಲ್ ನೆಹರೂ ಅವರ ಅಜ್ಜನ ಬೆನ್ನು ಹತ್ತಿದ್ದಾರೆ. ಹೀಗಾಗಿ ಈ ಸಲದ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಇತಿಹಾಸದ ಪ್ರಾಧ್ಯಾಪಕನಲ್ಲ. ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ, ಮೂವತ್ತೊಂದು ವರ್ಷ ಕಳೆದು, ಶಿರಸ್ತೇದಾರನಾಗಿ ಹೊರಬಂದವನು. ಅದರಲ್ಲಿ ಒಂಬತ್ತು ವರ್ಷ ದಾಖಲೆ ಕೊಠಡಿಯ ಧೂಳು ಕುಡಿದಿದ್ದೇನೆ. ಯಾರು ಯಾರ ಮಗ ಎಂದು ತೀರ್ಮಾನಿಸುವ ಕಾಗದಗಳನ್ನು ಎಷ್ಟು ನೋಡಿದ್ದೇನೆಂದರೆ, ಈಗ ಮದುವೆಮನೆಯಲ್ಲಿ ಪರಿಚಯ ಮಾಡಿಕೊಟ್ಟರೂ ಮನಸ್ಸಿನಲ್ಲೇ ‘ಬಿನ್ ಯಾರು?’ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನೆಹರೂ ಅವರ ಅಜ್ಜ ಗಂಗಾಧರ ನಿಜವಾಗಿ ಗಯಾಸುದ್ದೀನ್ ಘಾಜಿ ಎಂಬ ಮೊಗಲ್ ಕೊತ್ವಾಲ (ನಗರದ ಪೊಲೀಸ್ ಮುಖ್ಯಸ್ಥ), 1857ರಲ್ಲಿ ಪ್ರಾಣ ಉಳಿಸಿಕೊಳ್ಳಲು ಹಿಂದೂ ಹೆಸರು ಇಟ್ಟುಕೊಂಡ ಎಂಬ ಸಂದೇಶ ನನ್ನ ಮೊಬೈಲ್‌ಗೆ ಬಂದಿದೆ. ಕಳುಹಿಸಿದವರು ನನ್ನ ಷಡ್ಡಕ. ಇದು ಸುಳ್ಳು ಎಂದಿದ್ದಕ್ಕೆ ಅವರು ಹಬ್ಬದ ಊಟಕ್ಕೂ ಬರಲಿಲ್ಲ. ನಿಜವೇನು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಜವಲ್ಲ. ಆದರೆ ಇಷ್ಟೇ ಹೇಳಿ ಮುಗಿಸಿದರೆ ನಿಮ್ಮ ಷಡ್ಡಕರು ಮುಂದಿನ ಹಬ್ಬಕ್ಕೂ ಬರುವುದಿಲ್ಲ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ಆ ಮನೆಯವರೇ ಹೇಳಿಕೊಂಡಿರುವ ವಂಶಾವಳಿ. ನೆಹರೂ ತಮ್ಮ ಆತ್ಮಕಥೆಯನ್ನು ಹೆಚ್ಚಿನಂಶ ಸೆರೆಮನೆಯಲ್ಲಿ ಕುಳಿತು ಬರೆದರು, ಅದು 1936ರಲ್ಲಿ ಪ್ರಕಟವಾಯಿತು. ಅವರು ಪ್ರಧಾನಿಯಾಗುವುದಕ್ಕೆ ಇನ್ನೂ ಹನ್ನೊಂದು ವರ್ಷವಿತ್ತು. ಅದರ ಮೊದಲ ಪುಟಗಳಲ್ಲೇ ಕಥೆ ಇದೆ. ಮೂಲಪುರುಷ ರಾಜ್ ಕೌಲ್, ಕಾಶ್ಮೀರಿ ಪಂಡಿತ, ಸಂಸ್ಕೃತ ಮತ್ತು ಪಾರಸಿ ಎರಡರಲ್ಲೂ ವಿದ್ವಾಂಸ. ಮೊಗಲ್ ದೊರೆ ಫರೂಕ್‌ಸಿಯರ್ ಅವರನ್ನು ಮೆಚ್ಚಿ 1716ರ ಸುಮಾರಿಗೆ ದೆಹಲಿಗೆ ಕರೆಸಿಕೊಂಡ, ಜಹಗೀರು ಮತ್ತು ಮನೆ ಕೊಟ್ಟ. ಪಾಪ, ಆ ದೊರೆಯೇ 1719ರಲ್ಲಿ ಕಣ್ಣು ಕೀಳಿಸಿಕೊಂಡು ಕೊಲೆಯಾದ. ಜಹಗೀರು ವರ್ಷದಿಂದ ವರ್ಷಕ್ಕೆ ಕರಗಿತು. ಮುಂದೆ ಅದೇ ಮನೆತನದ ಲಕ್ಷ್ಮೀನಾರಾಯಣ ನೆಹರೂ ದೆಹಲಿ ದೊರೆಯ ಆಸ್ಥಾನದಲ್ಲಿ ಕಂಪನಿ ಸರ್ಕಾರದ ವಕೀಲರಾದರು. ದೊರೆ ಆ ಹೊತ್ತಿಗೆ ಹೆಸರಿಗಷ್ಟೇ ದೊರೆ. ಅವರ ನಂತರದ ತಲೆಮಾರು ಗಂಗಾಧರ. 1857ರ ದಂಗೆಗೆ ಮೊದಲು ಕೆಲಕಾಲ ದೆಹಲಿಯ ಕೊತ್ವಾಲ. 1861ರಲ್ಲಿ, ಇನ್ನೂ 34ರ ಹರೆಯದಲ್ಲಿ, ತೀರಿಕೊಂಡರು. ಅವರು ತೀರಿಕೊಂಡ ಮೂರು ತಿಂಗಳಿಗೆ ಆಗ್ರಾದಲ್ಲಿ ಹುಟ್ಟಿದ ಮಗು ಮೋತಿಲಾಲ್.

ಇಷ್ಟಕ್ಕೆಲ್ಲ ಕಾಗದವಿದೆಯೇ ಎಂದು ನನ್ನಂಥವನು ಕೇಳದೆ ಬಿಡುವುದಿಲ್ಲ. ನೆಹರೂ ಅವರೇ ಒಪ್ಪಿಕೊಂಡಿದ್ದಾರೆ: ಮನೆಯ ಹಳೆಯ ಕಾಗದಪತ್ರಗಳೆಲ್ಲ 1857ರ ಗಲಭೆಯಲ್ಲಿ ನಾಶವಾದವು. ಹೀಗಾಗಿ ರಾಜ್ ಕೌಲ್ ಕಥೆಯನ್ನು ಕುಟುಂಬದ ಹೇಳಿಕೆ ಎಂದೇ ತೆಗೆದುಕೊಳ್ಳಿ. ನಾನೂ ಹಾಗೆಯೇ ತೆಗೆದುಕೊಳ್ಳುತ್ತೇನೆ. ನಿಮ್ಮ ಷಡ್ಡಕರ ಸಂದೇಶ ಹುಟ್ಟಿರುವುದೇ ಈ ಕಾಗದವಿಲ್ಲದ ಸಂದಿನಲ್ಲಿ. ಆದರೆ ಕಾಗದ ಸುಟ್ಟುಹೋದ ಮಾತ್ರಕ್ಕೆ ಮನುಷ್ಯರು ಸುಟ್ಟುಹೋಗಿರುವುದಿಲ್ಲವಲ್ಲ.

ಅದೇ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ದೆಹಲಿ ಬಿಟ್ಟು ಸಾವಿರಾರು ಜನ ಆಗ್ರಾ ಕಡೆಗೆ ಓಡುತ್ತಿದ್ದ ದಿನಗಳು. ಗಂಗಾಧರರ ಮಕ್ಕಳೂ ಆ ಗುಂಪಿನಲ್ಲಿದ್ದರು. ಜೊತೆಗಿದ್ದ ಪುಟ್ಟ ತಂಗಿ, ಕೆಲವು ಕಾಶ್ಮೀರಿ ಮಕ್ಕಳ ಹಾಗೆ, ಬಹಳ ಬೆಳ್ಳಗಿದ್ದಳು. ದಾರಿಯಲ್ಲಿ ಎದುರಾದ ಇಂಗ್ಲಿಷ್ ಸೈನಿಕರು, ಇದು ಬಿಳಿಯರ ಹುಡುಗಿ, ಇವನು ಕದ್ದು ಒಯ್ಯುತ್ತಿದ್ದಾನೆ ಎಂದು ಅಣ್ಣನನ್ನು ಹಿಡಿದರು. ಆಗಿನ ನ್ಯಾಯ ನಿಮಿಷಗಳ ನ್ಯಾಯ, ಹತ್ತಿರದ ಮರವೇ ನೇಣುಗಂಬ. ಅಣ್ಣನಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿದ್ದುದರಿಂದ ಮಾತು ಸ್ವಲ್ಪ ಹೊತ್ತು ಎಳೆಯಿತು. ಅಷ್ಟರಲ್ಲಿ ಅವರ ಗುರುತಿದ್ದವರೊಬ್ಬರು ಆ ದಾರಿಯಾಗಿ ಬಂದರು, ಜೀವ ಉಳಿಯಿತು.

ಇದನ್ನು ಓದಿದಾಗಲೆಲ್ಲ ನನಗೆ ನಾನು ಕಂಡ ಮಹಜರೊಂದು ನೆನಪಾಗುತ್ತದೆ. ಎಂಬತ್ತರ ದಶಕದ ಕೊನೆ. ತಂದೆ ತೀರಿಕೊಂಡಿದ್ದಾರೆ, ಪೌತಿ ಖಾತೆ ಮಾಡಿಕೊಡಿ ಎಂದು ಒಬ್ಬ ಅರ್ಜಿ ಹಾಕಿದ್ದ. ತಂದೆ ತಾನೇ ದುಡಿದು ಕೊಂಡಿದ್ದ ಎರಡು ಎಕರೆ ಹನ್ನೆರಡು ಗುಂಟೆ. ಛಾಪಾ ಕಾಗದದ ಮೇಲೆ ಅಚ್ಚುಕಟ್ಟಾದ ವಂಶವೃಕ್ಷ: ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಅಷ್ಟೇ. ಗ್ರಾಮ ಲೆಕ್ಕಿಗನ ಜೊತೆ ನಾನೂ ಹೋಗಿದ್ದೆ. ಜಗಲಿಯ ಮೇಲೆ ಪಂಚರು ಕುಳಿತರು, ಲೆಕ್ಕಿಗ ಗಟ್ಟಿಯಾಗಿ ಓದಿದ. ಎದುರುಮನೆಯ ಮುದುಕಿಯೊಬ್ಬಳು ಮೊರದಲ್ಲಿ ಹುರುಳಿ ಹಸನು ಮಾಡುತ್ತ ಕುಳಿತಿದ್ದಳು. ತಲೆ ಎತ್ತದೆ, ಕೈ ನಿಲ್ಲಿಸದೆ, “ಏನಪ್ಪಾ, ಹಿರೇ ಮಗಳನ್ನು ಯಾವ ಕೆರೆಗೆ ತಳ್ಳಿದೆ?” ಎಂದಳು. ಜಗಲಿಯ ಮೇಲೆ ಉಸಿರಿಲ್ಲ. ಅಕ್ಕ ಮೂರು ಮೈಲಿ ಆಚೆಯ ಊರಿನಲ್ಲಿ ಗಂಡ ಮಕ್ಕಳೊಂದಿಗೆ ಚೆನ್ನಾಗಿಯೇ ಇದ್ದಳು. ಛಾಪಾ ಕಾಗದಕ್ಕೆ ಗೊತ್ತಿಲ್ಲದ್ದು ಮೊರದ ಮುಂದೆ ಕುಳಿತವಳಿಗೆ ಗೊತ್ತಿತ್ತು. ನಮ್ಮ ಇಲಾಖೆ ಮಹಜರು ಎಂಬ ಪದ್ಧತಿ ಇಟ್ಟುಕೊಂಡಿರುವುದೇ ಇದಕ್ಕಾಗಿ. ವಂಶ ಬಲ್ಲವರು ನೆರೆಯವರು, ದಾಯಾದಿಗಳು, ಬೀಗರು.

ಈಗ ಅದೇ ಕಣ್ಣಿನಿಂದ ಗಂಗಾಧರರ ಮಹಜರು ನಡೆಸೋಣ. ದೆಹಲಿ, ಆಗ್ರಾ, ಲಖನೌ, ಅಲಹಾಬಾದ್, ಲಾಹೋರ್‌ಗಳಲ್ಲಿ ಚದುರಿಕೊಂಡಿದ್ದ ಕಾಶ್ಮೀರಿ ಪಂಡಿತರು ಬಹಳ ಸಣ್ಣ ಸಮುದಾಯ. ಕೌಲ್, ಸಪ್ರು, ಹಕ್ಸರ್, ಜುತ್ಶಿ, ದರ್ ಎಂದು ಬೆರಳೆಣಿಕೆಯ ಮನೆತನಗಳು, ಕೊಡುವುದು ತರುವುದು ತಮ್ಮತಮ್ಮಲ್ಲೇ. ಹೆಣ್ಣು ಕೊಡುವವನು ಮೂರು ತಲೆಮಾರು ಕೆದಕದೆ ಕೊಡುತ್ತಿರಲಿಲ್ಲ. ಆ ಸಮುದಾಯ ಎಷ್ಟು ಬಿಗಿಯಾಗಿತ್ತು ಎನ್ನುವುದಕ್ಕೆ ಬಿಶನ್ ನಾರಾಯಣ ದರ್ ಅವರ ಪ್ರಕರಣ ನೋಡಿ. 1880ರ ದಶಕದಲ್ಲಿ ಬ್ಯಾರಿಸ್ಟರಿಕೆ ಓದಲು ಇಂಗ್ಲೆಂಡಿಗೆ ಹೋಗಿ ಬಂದರು. ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತವನ್ನೂ ಮಾಡಿಕೊಂಡರು. ಆದರೂ ಸಂಪ್ರದಾಯಸ್ಥರು ಒಪ್ಪಲಿಲ್ಲ, ಇಡೀ ಸಮುದಾಯ ಎರಡು ಹೋಳಾಯಿತು. ಅವರೇ ಮುಂದೆ 1911ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಹಡಗು ಹತ್ತಿದ ಒಬ್ಬನೇ ಒಬ್ಬನಿಗಾಗಿ ಇಷ್ಟು ರಂಪ ಮಾಡಿದ ಜನ, ನಿನ್ನೆಯವರೆಗೆ ಬೇರೆ ಧರ್ಮದಲ್ಲಿದ್ದವನು ಹೆಸರು ತಿದ್ದಿಕೊಂಡು ಬಂದು ಪಂಗಡದೊಳಗೆ ಕುಳಿತರೆ, ಅವನ ಮಗನಿಗೆ ಲಾಹೋರಿನ ಪಂಡಿತ ಮನೆಯಿಂದ ಸ್ವರೂಪರಾಣಿಯನ್ನು ಕೊಡುತ್ತಿದ್ದರೇ? ಇನ್ನೂ ಒಂದು ಮಾತಿದೆ. ಮೋತಿಲಾಲರೂ 1899ರಲ್ಲಿ ಯೂರೋಪಿಗೆ ಹೋಗಿಬಂದರು. ಪ್ರಾಯಶ್ಚಿತ್ತ ಮಾಡಿಕೊಳ್ಳುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಕಟ್ಟಾ ಸಂಪ್ರದಾಯಸ್ಥರು ಸಿಡಿದೆದ್ದರು. ಅವರ ಕೈಯಲ್ಲಿ ‘ಇವನಪ್ಪ ಯಾರೆಂದು ನಮಗೆ ಗೊತ್ತಿಲ್ಲವೇ’ ಎಂಬ ಅಸ್ತ್ರವೇನಾದರೂ ಇದ್ದಿದ್ದರೆ ಪ್ರಯೋಗಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಜಗಳಕ್ಕೆ ಬಿದ್ದ ದಾಯಾದಿ ಬಾಯಿ ಮುಚ್ಚಿಕೊಂಡಿದ್ದ ಎಂದರೆ ಬಾಯಿ ತೆರೆಯಲು ಏನೂ ಇರಲಿಲ್ಲ ಎಂದೇ ಅರ್ಥ. ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಇದಕ್ಕೆ ಅಪವಾದ ಕಂಡಿಲ್ಲ.

‘ಮೊಗಲ್ ಕೊತ್ವಾಲ ಹಿಂದೂ ಆಗಿರಲು ಸಾಧ್ಯವೇ?’ ಎಂದು ಸಂದೇಶದ ಕೊನೆಯಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇದೆಯಂತೆ. ದೆಹಲಿ 1803ರಲ್ಲೇ ಕಂಪನಿಯ ಕೈಸೇರಿತ್ತು. ದೊರೆಯ ಹುಕುಂ ಕೆಂಪುಕೋಟೆಯ ಗೋಡೆಯೊಳಗೆ ಮುಗಿಯುತ್ತಿತ್ತು, ಊರಿನ ಆಡಳಿತ ಕಂಪನಿಯದು, ಕೊತ್ವಾಲನೂ ಕಂಪನಿಯ ಆಳು. ಇನ್ನು ವೇಷದ ಮಾತು. ಗಂಗಾಧರರ ಸಣ್ಣ ಚಿತ್ರಪಟವೊಂದು ಮನೆಯಲ್ಲಿತ್ತು. ಮೊಗಲ್ ದರ್ಬಾರಿನ ಉಡುಪು, ಕೈಯಲ್ಲಿ ಬಾಗಿದ ಕತ್ತಿ. ನೋಡಿದವರು ಮೊಗಲ್ ಸರದಾರ ಎಂದುಕೊಂಡಾರು, ಮುಖಲಕ್ಷಣ ಮಾತ್ರ ಅಪ್ಪಟ ಕಾಶ್ಮೀರಿ ಎಂದು ಮೊಮ್ಮಗನೇ ಬರೆದಿದ್ದಾರೆ. ಬಚ್ಚಿಡಬೇಕೆಂದಿದ್ದರೆ ಯಾರಾದರೂ ಹೀಗೆ ಬರೆಯುತ್ತಾರೆಯೇ? ಮೋತಿಲಾಲರೂ ಹತ್ತು ಹನ್ನೆರಡು ವರ್ಷದವರೆಗೆ ಓದಿದ್ದು ಪಾರಸಿ ಮತ್ತು ಅರಬ್ಬಿ ಮಾತ್ರ, ಇಂಗ್ಲಿಷ್ ಆಮೇಲೆ ಬಂದದ್ದು. ಕಚೇರಿಯ ಅನ್ನ ಉಣ್ಣುವವರು ಕಚೇರಿಯ ಭಾಷೆ ಕಲಿತರು, ಕಚೇರಿಯ ಅಂಗಿ ತೊಟ್ಟರು.

ನಂಬಿಕೆ ಬಾರದಿದ್ದರೆ ನಿಮ್ಮ ಷಡ್ಡಕರ ಹೊಲದ ಹಳೆಯ ಪಹಣಿ ತೆಗೆಸಿ. ಅದರಲ್ಲಿ ಅವರ ತಂದೆಯ ಹೆಸರಿನ ಹಿಂದೆ ‘ಬಿನ್’ ಎಂದಿರುತ್ತದೆ. ಅದು ಅರಬ್ಬಿ ಪದ, ‘ಮಗ’ ಎಂದರ್ಥ. ತಹಸೀಲ್ದಾರ್, ಶಿರಸ್ತೇದಾರ್, ಜಮಾಬಂದಿ, ಅರ್ಜಿ, ರುಜು, ವಕೀಲ, ದಫ್ತರ, ತಕರಾರು ಎಲ್ಲವೂ ಆ ಕಡೆಯಿಂದ ಬಂದವು. ಅದರಿಂದ ನಿಮ್ಮ ಷಡ್ಡಕರು ಅರಬಸ್ತಾನದವರಾಗಿಬಿಟ್ಟರೇ?

ಪ್ರಶ್ನೆ: ‘ನೆಹರೂ’ ಎಂಬುದು ಕಾಲುವೆಯಿಂದ ಬಂದ ಹೆಸರು ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಈಗ ಕೆಲವರು ಅದು ಕಟ್ಟುಕಥೆ ಎನ್ನುತ್ತಾರೆ. (ಹಾವೇರಿಯಿಂದ ನಿವೃತ್ತ ಶಿಕ್ಷಕಿಯೊಬ್ಬರು)

ಉತ್ತರ: ನೀವು ಪಾಠ ಮಾಡಿದ್ದು ಸರಿಯೇ ಮೇಡಂ. ‘ನಹರ್’ ಎಂದರೆ ಕಾಲುವೆ. ರಾಜ್ ಕೌಲರಿಗೆ ಸಿಕ್ಕ ಮನೆ ಕಾಲುವೆಯ ದಂಡೆಯಲ್ಲಿತ್ತು, ಅದರಿಂದ ‘ಕೌಲ್-ನೆಹರೂ’ ಆಯಿತು, ಕಾಲಕ್ರಮದಲ್ಲಿ ಕೌಲ್ ಉದುರಿ ನೆಹರೂ ಉಳಿಯಿತು ಎಂಬುದು ಕುಟುಂಬದವರ ಮಾತು. ದೆಹಲಿಯಲ್ಲಿ ಅಂಥ ಕಾಲುವೆ ಇತ್ತು ಎಂಬುದರಲ್ಲಿ ಅನುಮಾನವಿಲ್ಲ. ಷಾಜಹಾನನ ಕಾಲದಿಂದ ಯಮುನೆಯ ನೀರು ಚಾಂದನಿ ಚೌಕದ ನಡುವೆಯೇ ಹರಿಯುತ್ತಿತ್ತು. ಇನ್ನೊಂದು ವಾದವೂ ಉಂಟು. ಸಪ್ರು, ಕಾಟ್ಜು, ಕಿಚ್ಲು ಎಂದು ಉಕಾರದಲ್ಲಿ ಮುಗಿಯುವ ಮನೆತನದ ಹೆಸರುಗಳು ಕಾಶ್ಮೀರದಲ್ಲಿ ಸಾಕಷ್ಟಿವೆ, ನೆಹರೂ ಕೂಡ ಅಲ್ಲಿಂದಲೇ ಬಂದಿರಬಹುದು ಎಂದು. ತಳ್ಳಿಹಾಕುವಂಥದ್ದಲ್ಲ. ಯಾವುದು ಗೆದ್ದರೂ ಮನೆತನ ಕಾಶ್ಮೀರದ್ದೇ.

ಕಟ್ಟುಕಥೆ ಎನ್ನುವವರಿಗೆ ಕಾಲುವೆಯ ಹೆಸರು ಯಾಕೆ ವಿಚಿತ್ರವಾಗಿ ಕಾಣುತ್ತದೋ ತಿಳಿಯದು. ನಿಮ್ಮ ಜಿಲ್ಲೆಯಲ್ಲೇ ಹಾಜರಿ ಪುಸ್ತಕದಿಂದ ಎಷ್ಟು ಅಡ್ಡಹೆಸರು ಕೂಗಿದ್ದೀರಿ! ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಕೊತ್ವಾಲ, ಫೌಜದಾರ. ಅಜ್ಜ ಬೆಲ್ಲ ಮಾರಿದ, ಮೊಮ್ಮಗ ಎಂಜಿನಿಯರ್ ಆದರೂ ಬೆಲ್ಲದ. ಮನೆ ಇದ್ದ ಜಾಗವೇ ಹೆಸರಾಗುವುದು ಘಟ್ಟದ ಕಡೆ ಇನ್ನೂ ಹೆಚ್ಚು: ಕೆರೆಮನೆ, ಹಳ್ಳದಮನೆ, ಮೇಲಿನಮನೆ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರನ್ನು ಸಿದ್ದಾಪುರದ ಕಡೆ ಇಂದಿಗೂ ದೊಡ್ಮನೆಯವರು ಎಂದೇ ಗುರುತಿಸುತ್ತಾರೆ. ದೆಹಲಿಯ ‘ಕಾಲುವೆಮನೆ’ಯವರು ಯಾಕೆ ಬೇಡ?

ಪ್ರಶ್ನೆ: ಇಂದಿರಾ ಅವರ ಗಂಡ ‘ಫಿರೋಜ್ ಖಾನ್’ ಅಂತೆ, ಮಹಾತ್ಮ ಗಾಂಧಿ ಅವರನ್ನು ದತ್ತು ತೆಗೆದುಕೊಂಡು ತಮ್ಮ ಹೆಸರು ಕೊಟ್ಟರಂತೆ. ಹೌದೇ? (ತುಮಕೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಎರಡೂ ಅಲ್ಲ. ಫಿರೋಜ್ ಪಾರ್ಸಿ. 1912ರ ಸೆಪ್ಟೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದವರು. ತಂದೆ ಜಹಾಂಗೀರ್ ಫರೇದೂನ್, ಹಡಗಿನ ಎಂಜಿನಿಯರ್, ತಾಯಿ ರತಿಮಾಯಿ. ಮೂಲ ಊರು ಗುಜರಾತಿನ ಭರೂಚ್. ‘ಗಾಂಧಿ’ ಹುಟ್ಟಿನಿಂದಲೇ ಮನೆತನದ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ರೀತಿ ಬರೆಯುತ್ತಿದ್ದುದು ಉಂಟು, ಅಷ್ಟೇ. ಮಹಾತ್ಮರಿಗೂ ಇವರಿಗೂ ನಂಟಿಲ್ಲ, ದತ್ತಕವೂ ಇಲ್ಲ. ಫಿರೋಜ್ ಎಂದೊಡನೆ ಮುಸ್ಲಿಂ ಎಂದುಕೊಳ್ಳುವವರು 1890ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಫಿರೋಜ್‌ಷಾ ಮೆಹ್ತಾ ಅವರನ್ನು ಮರೆತಿರುತ್ತಾರೆ. ಅವರೂ ಪಾರ್ಸಿ. ಅದು ಇಸ್ಲಾಮಿಗಿಂತ ಹಳೆಯ ಇರಾನೀ ಹೆಸರು, ಗೆಲುವು ಎಂಬ ಅರ್ಥದ್ದು.

ತಂದೆ ತೀರಿಕೊಂಡ ಮೇಲೆ ಹುಡುಗ ಬೆಳೆದದ್ದು ಅಲಹಾಬಾದಿನಲ್ಲಿ, ತಾಯಿಯ ಸೋದರಿಯ ಮನೆಯಲ್ಲಿ. ಆಕೆ ಅಲ್ಲಿನ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯೆ, ಮನೆತನದ ಹೆಸರು ಕಮಿಸ್ಸೇರಿಯಟ್. ಸೈನ್ಯಕ್ಕೆ ದಿನಸಿ ಒದಗಿಸುವ ಖಾತೆಗೆ ಇಂಗ್ಲಿಷಿನಲ್ಲಿ ಇದ್ದ ಹೆಸರು ಅದು. ಪಾರ್ಸಿಗಳು ಕಸುಬನ್ನೇ ಹೆಸರಿಗೆ ಅಂಟಿಸಿಕೊಳ್ಳುವುದರಲ್ಲಿ ನಮ್ಮ ಹುಬ್ಬಳ್ಳಿ ಧಾರವಾಡದವರಿಗೆ ಸರಿಸಾಟಿ. ಕ್ರಿಕೆಟ್ ಬಲ್ಲವರಿಗೆ ನಾರಿ ಕಂಟ್ರಾಕ್ಟರ್, ಫಾರೂಕ್ ಎಂಜಿನಿಯರ್ ನೆನಪಿದ್ದೀತು. ‘ಗಾಂಧಿ’ಯೂ ಕಸುಬಿನ ಹೆಸರೇ. ಗಂಧದ ಸಾಮಾನು, ದಿನಸಿ, ಔಷಧಿ ಬೇರು ಮಾರುವವನು. ಇದಕ್ಕೆ ನೀವು ಗುಜರಾತಿಗೆ ಹೋಗಬೇಕಿಲ್ಲ. ಅರಿಶಿನದ ಕೊಂಬು, ಕರ್ಪೂರ, ಅಳಲೆಕಾಯಿ, ಬಜೆ ಎಲ್ಲವೂ ಸಿಗುವ ಅಂಗಡಿಗೆ ನಮ್ಮ ಹಳೇ ಮೈಸೂರಿನ ಕಡೆ ಏನೆನ್ನುತ್ತಾರೆ? ಗಂಧಿಗೆ ಅಂಗಡಿ. ಜನರ ಬಾಯಲ್ಲಿ ಅದು ಗ್ರಂಧಿಗೆ, ಗ್ರಂಥಿಗೆ ಎಂದೆಲ್ಲ ಆಗಿದೆ. ಆ ಅಂಗಡಿಯವನೇ ಗುಜರಾತಿನ ಗಾಂಧಿ. ಹೀಗಾಗಿ ವೈಶ್ಯ ಗಾಂಧಿಗಳೂ ಇದ್ದಾರೆ, ಪಾರ್ಸಿ ಗಾಂಧಿಗಳೂ ಇದ್ದಾರೆ. ನಮ್ಮಲ್ಲಿ ಎಲ್ಲ ಜಾತಿಯ ಪಟೇಲರೂ ಇರುವ ಹಾಗೆ.

ಮಹಾತ್ಮರ ಮನೆಯವರೂ ಮೊದಲು ದಿನಸಿ ವ್ಯಾಪಾರಿಗಳೇ ಇದ್ದಿರಬೇಕು ಎಂದು ಅವರೇ ಬರೆದುಕೊಂಡಿದ್ದಾರೆ. ಅಜ್ಜ ಉತ್ತಮಚಂದರ ಕಾಲಕ್ಕೆ ದಿವಾನಗಿರಿ ಬಂತು. ಪೋರಬಂದರು ಬಿಟ್ಟು ಜುನಾಗಢಕ್ಕೆ ಹೋಗಬೇಕಾಗಿ ಬಂದಾಗ ಅಲ್ಲಿನ ನವಾಬನಿಗೆ ಎಡಗೈಯಲ್ಲಿ ಸಲಾಂ ಮಾಡಿದರಂತೆ. ಇದೇನು ಅಮರ್ಯಾದೆ ಎಂದರೆ, ಬಲಗೈ ಪೋರಬಂದರಿಗೆ ಮೊದಲೇ ಮುಡಿಪಾಗಿದೆ ಎಂದರಂತೆ. ಪ್ರಶ್ನೆಗೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾರೆ.

1942ರ ಮಾರ್ಚ್ 26ರಂದು ಅಲಹಾಬಾದಿನಲ್ಲಿ ಫಿರೋಜ್ ಮತ್ತು ಇಂದಿರಾ ಮದುವೆ ವೈದಿಕ ವಿಧಿಯಿಂದ ನಡೆಯಿತು. ಇಂದಿರಾ ಉಟ್ಟದ್ದು ತೆಳು ಗುಲಾಬಿ ಬಣ್ಣದ ಖಾದಿ ಸೀರೆ, ಅಪ್ಪ ಜೈಲಿನಲ್ಲಿ ತೆಗೆದ ನೂಲಿನದು. ಮಹಾತ್ಮರಿಗೆ ಬೈಗುಳದ ಪತ್ರಗಳು ಬಂದವು. ಫಿರೋಜ್ ಮಾಡಿದ ಒಂದೇ ಅಪರಾಧ ಪಾರ್ಸಿಯಾಗಿ ಹುಟ್ಟಿದ್ದು ಎಂಬ ಅರ್ಥದಲ್ಲಿ ಅವರು ‘ಹರಿಜನ’ ಪತ್ರಿಕೆಯಲ್ಲಿ ಉತ್ತರ ಬರೆದರು. ಗಮನಿಸಿ, ಆಗ ಸಿಟ್ಟಾದವರಿಗೂ ಹುಡುಗ ಪಾರ್ಸಿ ಎಂಬುದರಲ್ಲಿ ಸಂಶಯವಿರಲಿಲ್ಲ. ‘ಖಾನ್’ ಸೇರಿಕೊಂಡದ್ದು ಆಮೇಲಿನವರ ಕೈಚಳಕ. ಫಿರೋಜ್ ಲೋಕಸಭೆಗೆ ರಾಯ್‌ಬರೇಲಿಯಿಂದ ಎರಡು ಸಲ ಗೆದ್ದರು, ಮುಂದ್ರಾ ಹಗರಣ ಎತ್ತಿ ಮಾವನ ಸರ್ಕಾರದ ಹಣಕಾಸು ಸಚಿವರೇ ರಾಜೀನಾಮೆ ಕೊಡುವಂತೆ ಮಾಡಿದರು. ಅಳಿಯ ಎಂದರೆ ಹೀಗಿರಬೇಕು ಎಂದು ನಮ್ಮ ಕಚೇರಿಯಲ್ಲಿ ಹಳಬರೊಬ್ಬರು ಹೇಳುತ್ತಿದ್ದರು. ಅವರ ಅಳಿಯ ಅವರದೇ ಮನೆಯಲ್ಲಿದ್ದ. 1960ರಲ್ಲಿ ಫಿರೋಜ್ ತೀರಿಕೊಂಡಾಗ ಹಿಂದೂ ಪದ್ಧತಿಯಂತೆ ದಹನವಾಯಿತು, ಚಿತಾಭಸ್ಮದ ಒಂದು ಭಾಗ ಅಲಹಾಬಾದಿನ ಪಾರ್ಸಿ ಸ್ಮಶಾನದಲ್ಲಿದೆ.

ಪ್ರಶ್ನೆ: ಎಲ್ಲರೂ ಅಜ್ಜ, ಮುತ್ತಜ್ಜ ಎಂದೇ ಹುಡುಕುತ್ತಾರೆ. ಆ ಮನೆಯ ಅಜ್ಜಿಯರು, ಹೆಣ್ಣುಮಕ್ಕಳ ಬಗ್ಗೆ ಏನಾದರೂ ಗೊತ್ತೇ? (ಶಿವಮೊಗ್ಗದ ಗೃಹಿಣಿಯೊಬ್ಬರು)

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದು, ತಾಯಿ. ಗಂಗಾಧರರ ಹೆಂಡತಿ ಗಂಡ ಸತ್ತಾಗ ಗರ್ಭಿಣಿ. ಮನೆ ಕಳೆದುಕೊಂಡು, ಊರು ಬಿಟ್ಟು ನಾಲ್ಕು ವರ್ಷವಾಗಿತ್ತು. ಮಕ್ಕಳನ್ನು ದಡ ಸೇರಿಸಿದ್ದು ಆಕೆ. ಹಿರಿಯ ಮಗ ಬನ್ಸೀಧರ ನ್ಯಾಯಾಂಗ ಇಲಾಖೆ ಸೇರಿದರು. ಎರಡನೆಯ ನಂದಲಾಲ ರಾಜಸ್ಥಾನದ ಖೇತ್ರಿ ಸಂಸ್ಥಾನದಲ್ಲಿ ದಿವಾನರಾದರು, ಆಮೇಲೆ ವಕೀಲರಾಗಿ ಕೊನೆಯ ತಮ್ಮ ಮೋತಿಲಾಲನನ್ನು ಮಗನಂತೆ ಸಾಕಿದರು. ಖೇತ್ರಿ ಎಂದರೆ, ಮುಂದೆ ವಿವೇಕಾನಂದರನ್ನು ಅಮೆರಿಕಕ್ಕೆ ಕಳುಹಿಸಲು ನೆರವಾದ ಅಜಿತ್ ಸಿಂಗರ ಖೇತ್ರಿ. ಮುದುಕಿಯ ವಿಷಯಕ್ಕೆ ಬಂದರೆ, ಆಕೆ ತೀರಿಕೊಂಡು ಹತ್ತಿರಹತ್ತಿರ ಅರ್ಧ ಶತಮಾನ ಕಳೆದ ಮೇಲೂ ಕಾಶ್ಮೀರಿ ಹೆಂಗಸರು ಆಕೆಯ ಹೆಸರೆತ್ತಿದರೆ ಅಂಜುತ್ತಿದ್ದರಂತೆ. ಆಕೆಯ ಮಾತು ಮೀರಿದವರಿಗೆ ಉಳಿಗಾಲವಿರಲಿಲ್ಲ ಎಂದು ಮೊಮ್ಮಗ ಬರೆಯುತ್ತಾರೆ. ಕೊತ್ವಾಲ ಗಂಗಾಧರರ ಬಗ್ಗೆ ಹತ್ತು ಸಂದೇಶ ಕಳುಹಿಸುವ ಯಾರೂ ನಿಜವಾದ ಕೊತ್ವಾಲಿಕೆ ಮಾಡಿದ ಈಕೆಯ ಕಡೆ ತಿರುಗಿಯೂ ನೋಡಿಲ್ಲ.

ಇನ್ನೊಬ್ಬರು ನೆಹರೂ ಅವರ ತಂಗಿ ವಿಜಯಲಕ್ಷ್ಮಿ. 1921ರಲ್ಲಿ ರಣಜಿತ್ ಸೀತಾರಾಮ ಪಂಡಿತರನ್ನು ಮದುವೆಯಾದರು. ಕಾಶ್ಮೀರದವರಲ್ಲ, ಕೊಂಕಣ ತೀರದ ಮೂಲದ ಮನೆತನ, ಸಂಸ್ಕೃತ ಪಂಡಿತರ ಮನೆ. ಆ ಅಳಿಯ ಮಾಡಿದ ಕೆಲಸ ನೋಡಿ: ಕಾಶ್ಮೀರದ ರಾಜರ ವಂಶಾವಳಿಯನ್ನೇ ಹೇಳುವ ಕಲ್ಹಣನ ರಾಜತರಂಗಿಣಿಯನ್ನು ಇಂಗ್ಲಿಷಿಗೆ ತಂದರು. ಹೆಂಡತಿಯ ತವರಿನ ನಾಡಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾವ ಅಳಿಯ ಕೊಟ್ಟಾನು? ಸ್ವಾತಂತ್ರ್ಯ ಹೋರಾಟದಲ್ಲಿ ಮತ್ತೆ ಮತ್ತೆ ಜೈಲು ಕಂಡು, ಆರೋಗ್ಯ ಕೆಟ್ಟು, 1944ರಲ್ಲಿ ತೀರಿಕೊಂಡರು. ಮೂವರೂ ಹೆಣ್ಣುಮಕ್ಕಳು. ಗಂಡುಮಗುವಿಲ್ಲದ ವಿಧವೆ ಎಂಬ ಕಾರಣಕ್ಕೆ ಗಂಡನ ಪಾಲಿನ ಆಸ್ತಿ ವಿಜಯಲಕ್ಷ್ಮಿಯವರ ಕೈಗೆ ಬರಲಿಲ್ಲ. 1937ರಲ್ಲೇ ಪ್ರಾಂತದ ಮಂತ್ರಿಯಾಗಿದ್ದವರು, 1953ರಲ್ಲಿ ವಿಶ್ವಸಂಸ್ಥೆಯ ಮಹಾಧಿವೇಶನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ. ಅಂಥವರ ಹೆಸರಿಗೂ ವಂಶವೃಕ್ಷದಲ್ಲಿ ಕೊಂಬೆ ಇರಲಿಲ್ಲ.

ಮಗಳಿಗೂ ಮಗನಷ್ಟೇ ಹಕ್ಕು ಎಂಬ ಉತ್ತರಾಧಿಕಾರ ಕಾಯ್ದೆ, ತಂದೆಯ ಸ್ವಂತ ಆಸ್ತಿಯ ಮಟ್ಟಿಗೆ, 1956ರಲ್ಲಿ ಅಣ್ಣನ ಸರ್ಕಾರದಲ್ಲೇ ಬಂತು. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲು ಕೊಡಲು ನಮ್ಮ ರಾಜ್ಯ 1994ರವರೆಗೆ, ಇಡೀ ದೇಶ 2005ರವರೆಗೆ ಕಾದವು. ಮೊರದ ಮುದುಕಿಯ ಪ್ರಕರಣ ನೆನಪಿದೆಯಲ್ಲ? ಕಾಯ್ದೆ ಬಂದು ಮೂವತ್ತು ವರ್ಷ ದಾಟಿತ್ತು. ಆಮೇಲೆ ಆ ಅಕ್ಕನನ್ನು ಕರೆಸಿದೆವು. ಬಂದವಳು ಜಗಲಿಯ ತುದಿಯಲ್ಲಿ ಕುಳಿತು, “ನನಗೇನೂ ಬೇಡ ಸ್ವಾಮಿ, ಹೆಸರೊಂದು ಬರೆಯಿರಿ” ಎಂದಳು. ಬರೆದೆವು. ಪಾಲು ಬಿಟ್ಟುಕೊಡುವ ಕಾಗದಕ್ಕೆ ತಮ್ಮಂದಿರು ಅದೇ ವಾರ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದು ಕೇಳಿದೆ.

ಪ್ರಶ್ನೆ: ಊರವರ ವಂಶವನ್ನೆಲ್ಲ ಜಾಲಾಡುವ ನೀವು ನಿಮ್ಮದನ್ನು ಎಷ್ಟು ತಲೆಮಾರು ಹೇಳಬಲ್ಲಿರಿ? (ಹೆಸರು ಬೇಡ ಎಂದಿದ್ದಾರೆ, ಅಂಚೆ ಮುದ್ರೆ ಮಂಡ್ಯದ್ದು)

ಉತ್ತರ: ಗಂಡಸರ ಕಡೆ ಐದು. ಅದಕ್ಕೂ ಹಿಂದೆ ಯಾವ ದೊರೆ ಕರೆಸಿದ್ದನೋ, ಯಾವ ಬರ ಓಡಿಸಿತ್ತೋ, ಮನೆಯಲ್ಲಿ ಹೇಳುವವರಿಲ್ಲ. ಹೆಂಗಸರ ಕಡೆ ಎರಡಕ್ಕೇ ನಿಲ್ಲುತ್ತದೆ. ಮುತ್ತಜ್ಜಿ ದಾಖಲೆಯಲ್ಲಿ ಸಿಗುವುದು ಒಂದೇ ಕಡೆ, ಒಂದು ಹಳೆಯ ಕ್ರಯಪತ್ರದಲ್ಲಿ. ಹೆಸರು, ಮುಂದೆ ‘ಕೋಂ’ (ಇಂಥವರ ಹೆಂಡತಿ ಎಂದರ್ಥ), ಅದರ ಮುಂದೆ ಗಂಡನ ಹೆಸರು, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಶಾಯಿ ಹೆಚ್ಚಾಗಿ ಗೆರೆಗಳೆಲ್ಲ ಕೂಡಿಕೊಂಡಿವೆ. ತವರು ಯಾವುದು, ತಂದೆ ಯಾರು ಎಂದು ಪತ್ರ ಬರೆದು ಬಿಕ್ಕಲಂ ಹಾಕಿದವನು ಕೇಳಿಲ್ಲ. ಕೇಳಲು ಉಳಿದಿದ್ದವರು ನನ್ನ ಸೋದರತ್ತೆ ಒಬ್ಬರೇ. ನಿವೃತ್ತನಾದ ವರ್ಷ ಹೋಗಿ ಕೇಳಿದೆ. ಬಹಳ ಹೊತ್ತು ಯೋಚಿಸಿದರು. “ಮೂಡಲ ಸೀಮೆಯವಳು ಕಣೋ. ಬರುವಾಗ ಒಂದು ಎಮ್ಮೆ ಹೊಡೆದುಕೊಂಡು ಬಂದಿದ್ದಳಂತೆ” ಎಂದರು. ಎಮ್ಮೆಯ ಹೆಸರು ಅವರಿಗೆ ಗೊತ್ತಿತ್ತು.